ಕೆಲಸ ಬಿಟ್ಟು ಕಾಳಿಗಂಡಕಿಯ ಕಡೆಗೆ

ಮಂಗಳೂರಿನ ಆಫೀಸಿಗೆ ರಾಜೀನಾಮೆ ಕೊಟ್ಟಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ಗಲ್ಫಿಗಾ, ಬೆಂಗಳೂರಿಗಾ?" ನಮ್ಮ ಕಡೆ ಕೆಲಸ ಬಿಡುವುದು ಅಂದರೆ ಇನ್ನೊಂದು ಕೆಲಸಕ್ಕೆ ಹೋಗುವುದು ಅಂತಲೇ ಲೆಕ್ಕ. ನೇಪಾಳಕ್ಕೆ, ಅದೂ ನಡೆಯಲಿಕ್ಕೆ ಅಂದರೆ ಯಾರೂ ನಂಬಲಿಲ್ಲ. ಕೆಲಸದ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಆದರೆ ಅನ್ನಪೂರ್ಣ ಪರ್ವತಗಳನ್ನು ಸುತ್ತಿಬರುವ ಚಾರಣದ ದಾರಿ, ಅನ್ನಪೂರ್ಣ ಸರ್ಕ್ಯೂಟನ್ನು ಅವಸರ ಮಾಡದೆ ಪೂರ್ತಿ ನಡೆಯಬೇಕು ಅನ್ನುವ ಆಸೆ ಎಷ್ಟೋ ವರ್ಷದ್ದು, ಅಷ್ಟು ರಜೆ ಒಟ್ಟಿಗೆ ಸಿಗುವುದಿಲ್ಲ, ಮತ್ತೆ ಮೊಣಕಾಲು ಗಟ್ಟಿ ಇರುವಾಗಲೇ ಹೋಗಬೇಕಲ್ವಾ.

ಉಡುಪಿಯಲ್ಲಿ ಮತ್ಸ್ಯಗಂಧ ಹತ್ತಿ ಮುಂಬೈ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಗೋರಖ್‌ಪುರ, ಆಮೇಲೆ ಬಸ್ಸಿನಲ್ಲಿ ಸುನೌಲಿ ಗಡಿ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಗೇಟು ದಾಟಿದರೆ ಬೇರೆ ದೇಶ. ಗಡಿಯಾರ 15 ನಿಮಿಷ ಮುಂದೆ, ನಮ್ಮ 100 ರೂಪಾಯಿಗೆ ಅಲ್ಲಿನ 160. ಪೋಖರಾದಲ್ಲಿ ಪರ್ಮಿಟ್ ಮಾಡಿಸಿ, ಗೈಡ್ ಒಬ್ಬರನ್ನು ಗೊತ್ತು ಮಾಡಿಕೊಂಡು ನಡಿಗೆ ಶುರುವಾಗುವ ಬೇಸಿಸಹರ್ ತಲುಪಿದೆ. 2023ರಿಂದ ಗೈಡ್ ಕಡ್ಡಾಯ ಅಂತ ನಿಯಮವಿದೆ. ನಿಯಮ ಇಲ್ಲದಿದ್ದರೂ ನಾನು ಗೈಡ್ ಜೊತೆಗೇ ಹೋಗುತ್ತಿದ್ದೆ. ಇವರು ಲಮ್‌ಜುಂಗ್ ಕಡೆಯ ಗುರುಂಗ್, ನನಗಿಂತ ಪ್ರಾಯದಲ್ಲಿ ದೊಡ್ಡವರು, ಎಲ್ಲರ ಹಾಗೆ ನಾನೂ ಅವರನ್ನು 'ದಾಯಿ', ಅಂದರೆ ಅಣ್ಣ ಅಂತ ಕರೆದೆ.

ಮೊದಲು ಗದ್ದೆ, ಬಾಳೆ, ಸೆಕೆ. ನಮ್ಮ ಕಾರ್ಕಳದ ಕಡೆ ನಡೆದ ಹಾಗೆಯೇ ಇತ್ತು. ಚಾಮೆ ಬಂದಾಗ ಪೈನ್ ಕಾಡು, ಸೇಬಿನ ತೋಟ. ಆಮೇಲೆ ಮರಗಳೇ ಕಡಿಮೆಯಾಗುತ್ತಾ ಬಂದವು. ಎರಡು ಹೊತ್ತು ದಾಲ್ ಭಾತ್, ಸಾಕು ಅನ್ನುವವರೆಗೆ ಬಡಿಸುತ್ತಾರೆ. ಊಟದಲ್ಲಿ ಅನ್ನ ಬೇಕೇ ಬೇಕು ಅನ್ನುವ ನಮ್ಮಂಥವರಿಗೆ ಆ ದಾರಿಯಲ್ಲಿ ಚಿಂತೆಯಿಲ್ಲ.

ಸುಮಾರು 3,500 ಮೀಟರ್ ಎತ್ತರದ ಮನಾಂಗ್‌ನಲ್ಲಿ ನಿಲ್ಲಲೇಬೇಕು. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಕ್ಲಿನಿಕ್ ಇದೆ. ಎತ್ತರದಿಂದ ಬರುವ ಕಾಯಿಲೆಯ ಬಗ್ಗೆ ಡಾಕ್ಟರು ಸೀಸನ್ನಿನಲ್ಲಿ ಚಾರಣಿಗರಿಗೆ ವಿವರಿಸಿ ಹೇಳುತ್ತಾರೆ. ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ತಲೆನೋವು ಜೋರಾದರೆ ಮೇಲೆ ಹೋಗಬಾರದು, ಇಳಿಯಬೇಕು. ನಾವು ಸಮುದ್ರದ ಮಟ್ಟದಲ್ಲಿ ಹುಟ್ಟಿ ಬೆಳೆದವರು, ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಹತ್ತು ದಿನದ ರಜೆ ಹಾಕಿ ಬಂದವರು ಇಲ್ಲಿಂದ ಓಡುವುದನ್ನು ನೋಡಿದೆ. ಎರಡು ಹೆಜ್ಜೆಗೆ ಒಂದು ಸಲ ಫೋನ್, ವಾಪಸ್ ಫ್ಲೈಟಿನ ಚಿಂತೆ. ನನಗೆ ಆ ಚಿಂತೆ ಇರಲಿಲ್ಲ. ಕೆಲಸ ಬಿಟ್ಟಿದ್ದರಿಂದ ನನಗೆ ಸಿಕ್ಕಿದ್ದು ಇದೇ, ದೇಹ ಹೇಳಿದಾಗ ನಿಲ್ಲುವ ಸ್ವಾತಂತ್ರ್ಯ.

ಆಮೇಲೆ ಈ ದಾರಿಯ ಅತಿ ಎತ್ತರದ ಘಾಟಿ ಥೋರೊಂಗ್ ಲಾ, 5,416 ಮೀಟರ್. ಕತ್ತಲಲ್ಲೇ ಹೊರಟೆವು, ಬಿಸಿಲೇರಿದ ಮೇಲೆ ಅಲ್ಲಿ ಗಾಳಿ ಜೋರು. ಬಾಟಲಿಯ ನೀರು ಗಟ್ಟಿಯಾಗಿತ್ತು. ಕರಾವಳಿಯಲ್ಲಿ ಸಿಗುವ ಆಮ್ಲಜನಕದ ಅರ್ಧದಷ್ಟೇ ಅಲ್ಲಿ, ಹತ್ತು ಹೆಜ್ಜೆ ಇಟ್ಟು ನಿಂತು ಉಸಿರು ತೆಗೆಯಬೇಕು, ಮತ್ತೆ ಹತ್ತು ಹೆಜ್ಜೆ. 2014ರ ಅಕ್ಟೋಬರಿನಲ್ಲಿ ಇದೇ ಭಾಗದಲ್ಲಿ ಹಿಮಬಿರುಗಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು, ಬಂಗಾಳ ಕೊಲ್ಲಿಯಲ್ಲಿ ಎದ್ದ ಹುದ್ಹುದ್ ಚಂಡಮಾರುತದ ಕೊನೆಯ ಹೊಡೆತ ಅದು. ಸಮುದ್ರದಲ್ಲಿ ಗಾಳಿ ಎದ್ದರೆ ದೋಣಿ ಇಳಿಸಬಾರದು ಅಂತ ಮಲ್ಪೆಯಲ್ಲಿ ಹೇಳುವುದು ಕೇಳಿ ಬೆಳೆದವನು ನಾನು, ಆ ಗಾಳಿ ಇಷ್ಟು ಮೇಲೆ ಬಂದು ಜೀವ ತೆಗೆದದ್ದನ್ನು ದಾಯಿ ಹೇಳುವಾಗ ಮಾತು ಹೊರಡಲಿಲ್ಲ.

ಆಚೆಗೆ ಸುಮಾರು 1,700 ಮೀಟರ್ ಇಳಿತ, ಮೊಣಕಾಲಿಗೆ ನಿಜವಾದ ಪರೀಕ್ಷೆ. ಇಳಿದರೆ ಮುಕ್ತಿನಾಥ. 108 ಧಾರೆಗಳ ಕೆಳಗೆ ತಲೆ ಕೊಟ್ಟು ಓಡುವಾಗ ನೆತ್ತಿ ಮರಗಟ್ಟಿತು. ವಿಷ್ಣುವಿನ ಗುಡಿ, ನೋಡಿಕೊಳ್ಳುವವರಲ್ಲಿ ಬೌದ್ಧ ಸನ್ಯಾಸಿನಿಯರೂ ಇದ್ದಾರೆ. ಇಬ್ಬರಿಗೂ ಅದು ತಮ್ಮದೇ ಜಾಗ, ಜಗಳವಿಲ್ಲ. ಇದು ನನಗೆ ತುಂಬ ಹಿಡಿಸಿತು.

ಈ ದಾರಿಯನ್ನೇ ಆರಿಸಿಕೊಳ್ಳಲು ಕಾರಣ ಮುಂದಿತ್ತು. ಅಪ್ಪಯ್ಯ ದಿನಾ ಅಭಿಷೇಕ ಮಾಡುವ ಸಾಲಿಗ್ರಾಮ ಅಜ್ಜನ ಕಾಲದ್ದು. ಎಲ್ಲಿಯದು ಅಂತ ಚಿಕ್ಕಂದಿನಲ್ಲಿ ಕೇಳಿದರೆ "ಗಂಡಕಿಯದ್ದು ಮಗಾ" ಅನ್ನುತ್ತಿದ್ದರು, ಅಷ್ಟೇ. ಕಾಗ್‌ಬೇನಿಯಲ್ಲಿ ಆ ಕಾಳಿಗಂಡಕಿ ನದಿಯ ಪಾತ್ರ ಕಂಡಿತು, ಅಗಲವಾದ ಬೂದು ಕಲ್ಲುಗಳ ಬಯಲು, ಮಧ್ಯೆ ಸಣ್ಣ ಸಣ್ಣ ಹರಿವು. ದಾಯಿ ಒಂದು ಕಪ್ಪು ಕಲ್ಲು ಹೆಕ್ಕಿ ಕೊಟ್ಟರು. ಒಡೆದ ಬದಿಯಲ್ಲಿ ಚಕ್ರ. ಅದು ಅಮೋನೈಟ್ ಅನ್ನುವ ಕಡಲ ಜೀವಿಯ ಗುರುತು, ಸುಮಾರು 15 ಕೋಟಿ ವರ್ಷ ಹಳೆಯದು. ಆಗ ಇಲ್ಲಿ ಟೆಥಿಸ್ ಸಮುದ್ರ ಇತ್ತು. ಭಾರತದ ಭೂಭಾಗ ಬಂದು ಏಷ್ಯಾಕ್ಕೆ ಒತ್ತಿದಾಗ ಸಮುದ್ರದ ತಳವೇ ಮಡಚಿ ಮೇಲೆದ್ದಿತು. ಅಲ್ಲಿ ಕೂತು ಅಪ್ಪಯ್ಯನಿಗೆ ವಿಡಿಯೋ ಕಾಲ್ ಮಾಡಿದೆ. ಗಾಳಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ನದಿ ತೋರಿಸಿದೆ. ಅವರು ಕೈ ಮುಗಿದರು, ಆಮೇಲೆ "ನೀರು ಇಷ್ಟೆಯಾ?" ಅಂತ ಕೇಳಿದರು.

ಪೋಖರಾದಿಂದ ಮುಕ್ತಿನಾಥಕ್ಕೆ ಈಗ ಜೀಪ್ ರಸ್ತೆ ಇದೆ. ನಡೆಯಲಾಗದ ಹಿರಿಯರೂ ಹೋಗಬಹುದು, ಆದರೆ ಒಂದೇ ದಿನದಲ್ಲಿ ಮೇಲೆ ಹೋಗಬೇಡಿ, ಜೋಮ್ಸೋಮ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಹೊಸ ಕೆಲಸಕ್ಕೆ ಸೇರುವ ಮೊದಲೇ ಅಪ್ಪಯ್ಯ, ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಅಮ್ಮ ಈಗಾಗಲೇ ಸ್ವೆಟರ್ ತೆಗೆಸಿಕೊಂಡಿದ್ದಾರೆ.