15 ಹಾಳೆ, 480 ತ್ರಿಕೋನ

ಕಾಗದದ ಪುಟ್ಟ ತ್ರಿಕೋನಗಳನ್ನು ಒಂದರೊಳಗೊಂದು ಸಿಕ್ಕಿಸಿ ಕಟ್ಟಿದ ಹೂದಾನಿಯನ್ನೋ ಹಂಸವನ್ನೋ ನೋಡಿದವರು ಜೋಡಿಸುವುದೇ ಕಷ್ಟ ಅಂದುಕೊಳ್ಳುತ್ತಾರೆ. ಜೋಡಣೆ ಸಲೀಸು. ಕೆಲಸ ಕೆಡುವುದು ಅದಕ್ಕೂ ಮುಂಚೆ, ಕತ್ತರಿಸುವಾಗ ಮತ್ತು ಮಡಚುವಾಗ.

ಸಾಲಿಗೆ 24 ತುಂಡಿನಂತೆ 20 ಸಾಲಿನ ಹೂದಾನಿಗೆ 480 ತುಂಡು ಬೇಕು. ಒಂದು ಎ4 ಹಾಳೆಯಲ್ಲಿ 32 ತುಂಡು ಬರುವುದರಿಂದ ಸರಿಯಾಗಿ 15 ಹಾಳೆ; ಹಾಳಾಗುವ ಲೆಕ್ಕಕ್ಕೆ ಇನ್ನೊಂದು ಇರಲಿ. ತುಂಡಿಗೆ ಅರ್ಧ ನಿಮಿಷ ಹಿಡಿದರೂ ಬರೀ ಮಡಚಲು 4 ಗಂಟೆ. ಕಾಗದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಸಾಕು. ಅದಕ್ಕಿಂತ ದಪ್ಪದ್ದು ಪದರಗಳು ಸೇರಿದ ಕಡೆ ಉಬ್ಬಿಕೊಂಡು, ಇನ್ನೊಂದು ತುಂಡಿನ ತುದಿ ಸಿಕ್ಕಿಸುವ ಜೇಬು ಬಾಯಿ ಬಿಡುತ್ತದೆ.

ಹಾಳೆಯ ಉದ್ದಕ್ಕೆ 8, ಅಗಲಕ್ಕೆ 4 ಭಾಗ ಮಾಡಿದರೆ ತುಂಡು ಸುಮಾರು 52 × 37 ಮಿ.ಮೀ. ಸ್ಕೇಲಿಟ್ಟು ಒಂದರ ಪಕ್ಕ ಒಂದು ಅಳೆಯುತ್ತಾ ಹೋಗಬೇಡಿ. ಪ್ರತಿ ಸಲ ಅರ್ಧ ಮಿ.ಮೀ. ಜಾರಿದರೆ ಎಂಟನೆಯ ಪಟ್ಟಿಯ ಹೊತ್ತಿಗೆ 3-4 ಮಿ.ಮೀ. ವ್ಯತ್ಯಾಸ ಕೂಡಿಕೊಂಡಿರುತ್ತದೆ. ಅರ್ಧಕ್ಕೆ ಮಡಚಿ ಕತ್ತರಿಸಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಆಗ ತಪ್ಪು ಆಯಾ ತುಂಡಿನಲ್ಲೇ ಉಳಿಯುತ್ತದೆ.

ಹೆಚ್ಚಿನವರು ಗಮನಿಸದ ವಿಷಯ ಕಾಗದದ ಎಳೆ. ಮಾಮೂಲಿ ಎ4 ಹಾಳೆಯಲ್ಲಿ ನಾರಿನ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ. ಎಳೆಯ ಗುಂಟ ಮಡಿಕೆ ನೀಟಾಗಿ ಕೂರುತ್ತದೆ, ಅಡ್ಡ ಮಡಚಿದರೆ ಮತ್ತೆ ಮತ್ತೆ ಏಳುತ್ತದೆ. 32ರ ತುಂಡಿನಲ್ಲಿ ಮೊದಲ ಮಡಿಕೆ, ಅಂದರೆ ತುಂಡನ್ನು ಉದ್ದಕ್ಕೆ ಎರಡಾಗಿಸುವುದು, ಎಳೆಗೆ ಅಡ್ಡ ಬೀಳುತ್ತದೆ. ಹಾಳೆಯನ್ನು 16 ಮಾಡಿದರೆ ಅದೇ ಮಡಿಕೆ ಎಳೆಯ ಗುಂಟ. ಸಣ್ಣ ತುಂಡು ಹಟ ಮಾಡುವುದು ಸಣ್ಣದಾಗಿರುವುದಕ್ಕಷ್ಟೇ ಅಲ್ಲ! ಆ ಮೊದಲ ಮಡಿಕೆಯನ್ನು ಉಗುರಿನ ಬದಲು ಚಮಚದ ಬೆನ್ನಿನಿಂದ ಉಜ್ಜಿ. ಐವತ್ತು ತುಂಡು ದಾಟಿದ ಮೇಲೆ ಉಗುರು ಹೇಗೂ ಕೈಕೊಡುತ್ತದೆ.

ಮಡಚುವ ಕ್ರಮ ಇಷ್ಟೇ. ತುಂಡನ್ನು ಉದ್ದಕ್ಕೆ ಎರಡಾಗಿಸಿ, ನಡುವೆ ಮಡಚಿ ಗುರುತು ಮೂಡಿಸಿ, ಆ ನಡುಮಡಿಕೆಯನ್ನು ಮಾತ್ರ ಬಿಚ್ಚಿ. ಮಡಚಿದ ಅಂಚು ಮೇಲಿರಲಿ. ಎಡ ಬಲ ಎರಡನ್ನೂ ನಡುಗೆರೆಗೆ ಇಳಿಸಿದರೆ ಮನೆಯ ಸೂರಿನಂಥ ತ್ರಿಕೋನ, ಕೆಳಗೆ 7 ಮಿ.ಮೀ. ಚಿಲ್ಲರೆಯ ಎರಡು ಬಾಲ. ತಿರುಗಿಸಿ, ಬಾಲಗಳ ಹೊರ ಮೂಲೆಗಳನ್ನು ಓರೆಯಾಗಿ ಮಡಚಿ, ಬಾಲಗಳನ್ನು ಮೇಲಕ್ಕೆತ್ತಿ, ಅವು ಒಳಗೆ ಉಳಿಯುವಂತೆ ಇಡೀ ತುಂಡನ್ನು ನಡುವೆ ಮಡಚಿ. ಒಂದು ಕಡೆ ಎರಡು ತುದಿ, ಇನ್ನೊಂದು ಕಡೆ ಎರಡು ಜೇಬು ಸಿಗುತ್ತವೆ. ಬಾಲದ ಮೂಲೆ ಒಂದು ಕೂದಲೆಳೆಯಷ್ಟು ಇಣುಕಿದರೂ ಪಕ್ಕದ ತುಂಡಿಗೆ ತಾಗುತ್ತದೆ. ಅಂಥದ್ದನ್ನು ಬಿಚ್ಚಿ ಸರಿಮಾಡುವ ಗೋಜು ಬೇಡ, ಎಸೆಯಿರಿ. ಮುಗಿದವನ್ನು ಒಂದರೊಳಗೊಂದು ತುರುಕಿಡಬೇಡಿ, ಜೇಬು ಸಡಿಲವಾಗುತ್ತದೆ. ಡಬ್ಬಿಯಲ್ಲಿ ಒತ್ತಾಗಿ ನಿಲ್ಲಿಸಿಟ್ಟು ಒಂದು ರಾತ್ರಿ ಬಿಟ್ಟರೆ ಮಡಿಕೆ ಪಳಗುತ್ತದೆ.

(1993ರಲ್ಲಿ ನ್ಯೂಯಾರ್ಕಿನ ದಡದಲ್ಲಿ ಸಿಕ್ಕಿಬಿದ್ದ ಗೋಲ್ಡನ್ ವೆಂಚರ್ ಹಡಗಿನ ಚೀನೀ ವಲಸಿಗರು ಪೆನ್ಸಿಲ್ವೇನಿಯಾದ ಸೆರೆಮನೆಯಲ್ಲಿ ಕೂತು ಇಂಥ ಕಲಾಕೃತಿಗಳನ್ನು ಮಾಡಿದರು. ಹಾಗಾಗಿ ಈ ಬಗೆಗೆ ಆ ಹಡಗಿನ ಹೆಸರೂ ಇದೆ.)

ಜೋಡಿಸುವಾಗ ಒಂದೇ ಸಾಲು ನಿಲ್ಲುವುದಿಲ್ಲ, ಮೊದಲ ಮೂರನ್ನೂ ಒಟ್ಟಿಗೇ ಕಟ್ಟಿಕೊಂಡು ಹೋಗಬೇಕು. ಅಕ್ಕಪಕ್ಕದ ಎರಡು ತುಂಡುಗಳಿಂದ ಒಂದೊಂದು ತುದಿ ತೆಗೆದುಕೊಂಡು ಮೇಲಿನ ತುಂಡಿನ ಎರಡು ಜೇಬಿಗೆ ಸೇರಿಸಿ. ಉಂಗುರ ಕೂಡಿದ ಮೇಲೆ ಮೆಲ್ಲಗೆ ಬಟ್ಟಲಿನಂತೆ ತಿರುವಿ. ಹೊಟ್ಟೆ ಬರಿಸಲು ತುಂಡು ಸೇರಿಸಬೇಕಿಲ್ಲ, ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಸಾಕು. ಕತ್ತು ಕಿರಿದಾಗಲು ಹೊರಗಿನಿಂದ ಒತ್ತಿ. ಹೂದಾನಿ ಒಂದು ಕಡೆಗೆ ವಾಲಿದರೆ ಕೆಳಗಿನ ಯಾವುದೋ ತುಂಡು ಪೂರ್ತಿ ಒಳಗೆ ಕೂತಿಲ್ಲವೆಂದೇ ಅರ್ಥ. ಮೇಲಿನ ಸಾಲುಗಳಲ್ಲಿ ಸರಿದೂಗಿಸಲು ಹೋಗದೆ ಅಲ್ಲಿಯವರೆಗೆ ಬಿಚ್ಚಿ.

ಅಂಟು ಬುಡದ ಎರಡು ಸಾಲಿಗೆ ಸಾಕು, ಅದೂ ಕಡ್ಡಿಯ ತುದಿಯಲ್ಲಿ ಚುಕ್ಕಿಯಷ್ಟು. ಹೆಚ್ಚಾದರೆ ಕಾಗದ ನೀರು ಕುಡಿದು ಸುರುಟಿಕೊಳ್ಳುತ್ತದೆ. ಬಣ್ಣದ ವಿನ್ಯಾಸ ಮಾಡುವುದಿದ್ದರೆ ಚೌಕುಳಿ ಹಾಳೆ ಬಿಟ್ಟು ಇಟ್ಟಿಗೆ ಗೋಡೆಯ ಚಿತ್ರ ಬರೆದುಕೊಳ್ಳಿ: ಪ್ರತಿ ಸಾಲು ಅರ್ಧ ತುಂಡು ಸರಿಯುವುದರಿಂದ ನೆಟ್ಟಗಿನ ಗೆರೆ ಅಂಕುಡೊಂಕಾಗುತ್ತದೆ, ಓರೆ ಪಟ್ಟಿ ಮಾತ್ರ ಸುರುಳಿಯಾಗಿ ನೀಟಾಗಿ ಹತ್ತುತ್ತದೆ.