ಹಳೆ ಚೀಟಿಯನ್ನು ತಿದ್ದಬೇಡಿ

ಬೆಳಗಾವಿಯ ಒಂದು ಕಾಲೇಜಿನ ಮ್ಯೂಸಿಯಂನಲ್ಲಿ ಹಳೆ ಸಂಗ್ರಹವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳು, ಬಾಟಲಿಯೊಳಗಿನ ಹಾವುಗಳು, ಹುಲ್ಲು ತುಂಬಿದ ಹಕ್ಕಿಗಳು, ಜೊತೆಗೆ ಕಪಾಟು ತುಂಬ ರಿಜಿಸ್ಟರ್‌ಗಳು. ಜನ ಮೊದಲು ಕೇಳುವುದು ಸ್ಕ್ಯಾನರ್ ಯಾವುದು ಅಂತ. ಅದು ಸುಲಭದ ಭಾಗ. ಕಷ್ಟ ಇರುವುದು ಚೀಟಿಯಲ್ಲಿ, ಅಂದರೆ ಎಲ್ಲಿ, ಯಾವಾಗ ಸಿಕ್ಕಿತು ಅಂತ ಪ್ರತಿ ಗಿಡ, ಪ್ರಾಣಿಯ ಜೊತೆ ಬರೆದಿಟ್ಟ ಕಾಗದದಲ್ಲಿ.

ಕೆಲಸಕ್ಕೆ ಬರುವ ಹುಡುಗರು ಮೊದಲ ವಾರವೇ ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ಬಾದಾಮಿ, ಬಿಜಾಪುರ ಜಿಲ್ಲಾ ಅಂತ ಐತ್ರಿ. ಬಾಗಲಕೋಟೆ ಅಂತ ಮಾಡ್ಲೇನ್ರಿ?"

ಬೇಡ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಚೀಟಿ ಬರೆದವರಿಗೆ ಅದು ಬಿಜಾಪುರವೇ. ಇದ್ದದ್ದನ್ನು ಇದ್ದಂತೆ, ಕಾಗುಣಿತದ ತಪ್ಪೂ ಸೇರಿಸಿ, ಒಂದು ಕಾಲಂನಲ್ಲಿ ಟೈಪ್ ಮಾಡಬೇಕು. ಈಗಿನ ಜಿಲ್ಲೆ, ತಾಲ್ಲೂಕು ಪಕ್ಕದ ಕಾಲಂಗೆ. ಇಂಥ ಮಾಹಿತಿಯನ್ನು ಒಂದೇ ರೀತಿ ದಾಖಲಿಸಲು ಜಗತ್ತಿನ ಮ್ಯೂಸಿಯಂಗಳು ಬಳಸುವ ಡಾರ್ವಿನ್ ಕೋರ್ ಪದ್ಧತಿಯಲ್ಲೂ ಇವೆರಡಕ್ಕೆ ಬೇರೆ ಬೇರೆ ಜಾಗ ಇದೆ.

ಸುಮ್ನೆ ಹಟ ಅಲ್ಲ ಇದು. ಚಂದಗಡ 1956ರವರೆಗೆ ಬೆಳಗಾವಿ ಜಿಲ್ಲೆಯಲ್ಲೇ ಇತ್ತು, ಈಗ ಕೊಲ್ಹಾಪುರ ಜಿಲ್ಲೆ. 'ಚಂದಗಡ, ಬೆಳಗಾಂ ಜಿಲ್ಲಾ' ಎಂದಿದ್ದ ಹಳೆ ಹಾಳೆಯನ್ನು ಯಾರೋ ಚೊಕ್ಕ ಮಾಡಲು ಹೋಗಿ 'ಬೆಳಗಾವಿ, ಕರ್ನಾಟಕ' ಎಂದು ಬರೆದರೆ ಗಿಡ ರಾಜ್ಯವನ್ನೇ ಬದಲಿಸಿಬಿಡುತ್ತದೆ! ಇನ್ನು 'ಬಾಗಲಕೋಟೆ, ಹೊಳೆ ದಂಡೆ' ಎಂದಿದ್ದರೆ ಮ್ಯಾಪ್‌ನಲ್ಲಿ ಹುಡುಕಿ ಈಗಿನ ಹೊಸ ಊರಾದ ನವನಗರದ ಮೇಲೆ ಚುಕ್ಕೆ ಇಡುವ ಹಾಗಿಲ್ಲ. ಆ ದಂಡೆ ಆಲಮಟ್ಟಿ ಹಿನ್ನೀರಿನೊಳಗೆ ಹೋಗಿರಬಹುದು. ಅಲ್ಲಿ ಮೊದಲು ಏನು ಬೆಳೆಯುತ್ತಿತ್ತು ಅಂತ ಹೇಳಲು ಉಳಿದಿರುವುದು ಬಹುಶಃ ಆ ಹಾಳೆಯೊಂದೇ.

ನಮ್ಮದೇ ಜಿಲ್ಲೆಯ ಬಾವಲಿ ನೋಡಿ. ಖಾನಾಪುರ ತಾಲ್ಲೂಕಿನ ತಳೇವಾಡಿ ಹತ್ತಿರ ಬಾರಾಪೇಡೆ ಗುಹೆ ಇದೆ. ಅಲ್ಲಿ ಸಿಕ್ಕ ಒಂದು ಬಾವಲಿಗೆ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ರಾಟನ್ ಎಂಬುವರ ಹೆಸರಿಟ್ಟರು. ಬಹಳ ಕಾಲ ಈ ಜಾತಿ ಗೊತ್ತಿದ್ದದ್ದು ಆ ಗುಹೆಯಿಂದ ಮಾತ್ರ. ಚೀಟಿಯಲ್ಲಿ ಬರೀ 'ಬೆಳಗಾಂ' ಅಂತ ಇದ್ದಿದ್ದರೆ ಯಾವ ಗುಹೆಗೆ ಅಂತ ಹೋಗುವುದು?

ತಾರೀಖಿನದೂ ಇದೇ ಕಥೆ. 3-4-52 ಅಂದರೆ ಏಪ್ರಿಲ್ಲೋ ಮಾರ್ಚೋ? ಅದೇ ಕೈಬರಹದ ಬೇರೆ ಚೀಟಿಗಳಲ್ಲಿ 12ಕ್ಕಿಂತ ದೊಡ್ಡ ಅಂಕಿ ಯಾವ ಜಾಗದಲ್ಲಿದೆ ನೋಡಿದರೆ ಬರೆದವರ ರೂಢಿ ತಿಳಿಯುತ್ತದೆ. ತಿಳಿಯದಿದ್ದರೆ ಎರಡನೇ ಕಾಲಂ ಖಾಲಿ ಇರಲಿ.

ಕೈಗವಸು ಹಾಕಿಕೊಳ್ಳಿ, ಹಾಳೆಯ ಧೂಳನ್ನು ಬಾಯಿಂದ ಊದಬೇಡಿ. ಹಿಂದೆ ಹುಳ ಹಿಡಿಯದಿರಲಿ ಎಂದು ಗಿಡಗಳಿಗೆ ಪಾದರಸದ ವಿಷ, ಹಕ್ಕಿ ಚರ್ಮಕ್ಕೆ ಆರ್ಸೆನಿಕ್ ಬಳಿಯುತ್ತಿದ್ದರು. ಅದು ಈಗಲೂ ಅಲ್ಲೇ ಇರುತ್ತದೆ.

ಹೀಗೆ ಮಾಡಿದರೆ ಕೆಲಸ ನಿಧಾನ, ನಿಜ. ಮೇಲಿನವರು ಕೇಳುವುದು "ಈ ತಿಂಗಳು ಎಷ್ಟು ಸ್ಕ್ಯಾನ್ ಆಯ್ತು?" ಅಂತ ಮಾತ್ರ. ಅದಕ್ಕೆ ನಾನು ತಿಂಗಳ ವರದಿಯಲ್ಲಿ ಎರಡು ಲೆಕ್ಕ ಕೊಡುತ್ತೇನೆ: ಸ್ಕ್ಯಾನ್ ಆದವು ಎಷ್ಟು, ಚೀಟಿ ಓದಿ ಮುಗಿದವು ಎಷ್ಟು. ಎರಡನೆಯದು ಯಾವಾಗಲೂ ಕಮ್ಮಿ.