ಕೊಪ್ಪಳದಿಂದ ಬೆಂಗಳೂರಿಗೆ ಹೋಗೋರು ಮೆಜೆಸ್ಟಿಕ್ ನೆಲದ ಕೆಳಗ ಒಂದು ತಾಸು ಇಟ್ಕೊಳ್ರಿ

ಹೋದ ತಿಂಗಳ ಅಪ್ಪನ್ನ ಕರ್ಕೊಂಡು ಬೆಂಗಳೂರಿಗೆ ಅಕ್ಕನ ಮನೀಗೆ ಹೋಗಿದ್ದೆ. ಕೊಪ್ಪಳದಾಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಹೊಸಪೇಟೆ, ಬಳ್ಳಾರಿ, ಗುಂತಕಲ್ ಸುತ್ತು ಹಾಕಿ ಬೆಳಿಗ್ಗೆ ಬೆಂಗಳೂರು. ಇಳಿದಿದ್ದು ಭಾನುವಾರ, ಅಲ್ಲೇ ನಾ ತಪ್ಪಿದ್ದು. ಬಾಕಿ ದಿನ ಮೆಟ್ರೋ ನಸುಕಿನ್ಯಾಗ ಶುರು, ಭಾನುವಾರ 7ಕ್ಕ. ರೊಟ್ಟಿ ಗಂಟು ಮಗ್ಗಲಕ್ಕ ಇಟ್ಕೊಂಡು ಬ್ಯಾಗಿನ ಮ್ಯಾಲೆ ಕುಂತು ಎರಡೆರಡು ಸಲ ಚಾ ಕುಡಿದ್ವಿ. ಹೊಂಡೋ ಮುಂಚೆ ಟೈಮ್ ನೋಡ್ಕೊಂಡು ಹೋಗ್ರಿ.

ಇನ್ನೊಂದು, ರೈಲ್ವೆ ಸ್ಟೇಷನ್ ಹತ್ರ ಮೆಟ್ರೋ ಸ್ಟೇಷನ್ ಎರಡು ಅದಾವ. 10ನೇ ಪ್ಲಾಟ್‌ಫಾರ್ಮ್ ಕಡೆ, ಹಿಂದಿನ ಬಾಗಿಲಿಗೆ ಇರೋದು ಸಂಗೊಳ್ಳಿ ರಾಯಣ್ಣನ ಹೆಸರಿಂದು, ಅಲ್ಲಿ ನೇರಳೆ ಲೈನ್ ಅಷ್ಟೇ. ಮುಂದಿನ ಬಾಗಿಲಿಂದ ಬಸ್ ಸ್ಟ್ಯಾಂಡ್ ಕಡೆ ಬಂದ್ರ ಮೆಜೆಸ್ಟಿಕ್, ಅಲ್ಲಿ ನೇರಳೆ ಹಸಿರು ಎರಡೂ. ಜಯನಗರ, ಬನಶಂಕರಿ, ಯಶವಂತಪುರ ಹೋಗೋರು ಸೀದಾ ಮೆಜೆಸ್ಟಿಕ್ಕಿಗೇ ನಡೀರಿ.

ಒಳಗ ಹೋದ್ಮ್ಯಾಲೆ ಗಡಿಬಿಡಿ ಮಾಡಬ್ಯಾಡ್ರಿ. ಅಪ್ಪ ಧೋತರ ಎತ್ತಿ ಹಿಡ್ಕೊಂಡು ಎಸ್ಕಲೇಟರ್ ಮುಂದ ನಿಂತೇಬಿಟ್ಟ, ಹಿಂದ ಮಂದಿ ಸಾಲು. ವಯಸ್ಸಾದೋರು ಇದ್ರ ಲಿಫ್ಟ್ ಐತಿ, ಅದ್ರಾಗ ಇಳೀರಿ. ಮೊದಲ ಟಿಕೆಟಿನ ಅಂತಸ್ತು, ಅದರ ಕೆಳಗ ನೇರಳೆ, ಅದಕ್ಕೂ ಕೆಳಗ ಹಸಿರು. ಇದನ್ನ ಸುರಂಗದಂಗ ಕೊರೆದು ಮಾಡಿದ್ದಲ್ಲ, ಮ್ಯಾಲಿಂದ ಭಾರಿ ಗುಂಡಿ ತೋಡಿ ಒಳಗ ಕಾಂಕ್ರೀಟ್ ಪೆಟ್ಟಿಗಿ ಕಟ್ಟಿ ಮ್ಯಾಲೆ ಮುಚ್ಚಿದ್ದು, ಅದಕ್ಕ ಇಷ್ಟು ದಪ್ಪ ಕಂಬ. ಅಲ್ಲಿ ಬಸ್ ಸ್ಟ್ಯಾಂಡ್ ಆಗೋಕಿಂತ ಮೊದಲ ಧರ್ಮಾಂಬುಧಿ ಕೆರಿ ಇತ್ತು ಅಂದೆ. "ಹಂಗಾರ ನಾವೀಗ ಕೆರಿ ತಳಕ್ಕಿಂತ ಕೆಳಗ ನಿಂತೀವಿ" ಅಂದು ಅಪ್ಪ ಒಂದ್ಸಲ ಮ್ಯಾಲೆ ನೋಡಿದ.

ಸುರಂಗ ಮಾತ್ರ ಮಷಿನ್ ಕೊರೆದಿದ್ದು. ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ ಅಂತ ಅವಕ್ಕ ಹೆಸರು. "ನಮ್ಮ ತುಂಗಭದ್ರಾ ಎಲ್ಲೈತಿ?" ಅಂತ ಅಪ್ಪಂದು ತಕರಾರು. ಎರಡನೇ ಹಂತದಾಗ ತುಂಗಾ ಒಂದು ಭದ್ರಾ ಒಂದು ಅಂತ ಎರಡು ಮಷಿನ್ ಇಟ್ಟಾರ ಅಂದ್ಮ್ಯಾಲೆ ಸಮಾಧಾನ ಆತು. ಬೆಂಗಳೂರಿನ ನೆಲ ಬರೇ ಕಲ್ಲೂ ಅಲ್ಲ ಬರೇ ಮಣ್ಣೂ ಅಲ್ಲ, ಎರಡೂ ಕಲಸಿದ್ದು, ಅಂಥಾದ್ರಾಗ ಮಷಿನಿನ ಹಲ್ಲು ಸವೀತಾವ, ಸಿಕ್ಕಿ ಬೀಳ್ತಾವ. ಮ್ಯಾಲಿನ ಮೆಟ್ರೋ 2011ರ ಅಕ್ಟೋಬರ್‌ದಾಗ ಓಡಿದ್ರೂ ನೆಲದ ಕೆಳಗಿಂದು ಉದ್ಘಾಟನೆ ಆಗಿದ್ದು 2016ರ ಏಪ್ರಿಲ್ 29ಕ್ಕ, ಕಬ್ಬನ್ ಪಾರ್ಕಿಂದ ಈ ಕಡೆಗೆ 4.8 ಕಿಲೋಮೀಟರ್, ಐದು ಸ್ಟೇಷನ್. ದಕ್ಷಿಣ ಭಾರತದಾಗ ಅದೇ ಮೊದಲ್ನೇ ಸುರಂಗ ಮೆಟ್ರೋ. ಹಸಿರು ಲೈನಿಂದು 2017ರ ಜೂನ್ ತನಕ ಎಳೀತು.

ಪ್ಲಾಟ್‌ಫಾರ್ಮಿನ್ಯಾಗ ಅಪ್ಪಗ ಸಂಶಯ ಬಂದಿದ್ದು ಹಳಿ ನೋಡಿ. "ಸಣ್ಣದೈತಲ್ಲೋ ತಮ್ಮಾ, ನಮ್ಮ ಹಳೇ ಮೀಟರ್ ಗೇಜ್ ಏನು?" ಕೊಪ್ಪಳದ ಹಳಿ ಮೊದಲ ಮೀಟರ್ ಗೇಜೇ ಇತ್ತಲ್ಲ, ಅದ್ರಾಗ ಓಡಾಡಿದ ಕಣ್ಣು ಅದು. ಇದು ಎರಡರ ನಡುವಿಂದು, 1435 ಮಿಲಿಮೀಟರ್. ಈಗಿನ ನಮ್ಮ ಬ್ರಾಡ್ ಗೇಜ್ 1676. ತಲೀ ಮ್ಯಾಲೆ ಕರೆಂಟ್ ವೈರೂ ಇಲ್ಲ, ಹಳಿ ಮಗ್ಗಲಕ್ಕ ಮೂರನೇ ಹಳಿ ಹಾಕ್ಯಾರ, ಅದ್ರಾಗ 750 ವೋಲ್ಟ್ ಹರೀತೈತಿ. ಮೊಬೈಲ್ ಬಿದ್ರೂ ಇಳಿಯಾಕ ಹೋಗಬ್ಯಾಡ್ರಿ, ಗಾರ್ಡ್‌ನ ಕರೀರಿ. ಹುಡುಗ್ರನ್ನ ಹಳದಿ ಗೆರಿ ಹಿಂದೇ ನಿಲ್ಲಸ್ರಿ.

ಟೈಮ್ ಇದ್ರ ಹಸಿರು ಲೈನಿನ್ಯಾಗ ಚಿಕ್ಕಪೇಟೆ ದಾಟಿ ಕೆ.ಆರ್. ಮಾರ್ಕೆಟ್‌ಗೆ ಇಳೀರಿ, ಎರಡೇ ಸ್ಟೇಷನ್. ಅಲ್ಲಿ ಅಗಿಯೋವಾಗ 2012ರಾಗ ಹಳೇ ತೋಪು ಸಿಕ್ಕಿದ್ವು. ಮ್ಯಾಲೆ ಬಂದ್ರ ಹೂವಿನ ಸಂತಿ, ಬೆಳಿಗ್ಗೇನ ಚಂದ.

ಟಿಕೆಟ್ ವಾಟ್ಸಾಪಿನ್ಯಾಗ ತಗೊಂಡ್ರ ಲೈನಿನ್ಯಾಗ ನಿಲ್ಲೋದು ತಪ್ತೈತಿ. 2025ರ ಫೆಬ್ರವರಿಯಿಂದ ರೇಟ್ ಏರೈತಿ, ಕಡಿಮಿ ಅಂದ್ರ 10, ಹೆಚ್ಚಂದ್ರ 90. ರೊಟ್ಟಿ ಬುತ್ತಿ ಒಯ್ರಿ, ಒಳಗ ಬಿಚ್ಚಬ್ಯಾಡ್ರಿ. ಟೋಕನ್ ತಗೊಂಡಿದ್ರ ಹೊರಗ ಬರೋವಾಗ ಗೇಟಿನ ಸಂದಿನ್ಯಾಗ ಅದನ್ನ ಹಾಕಬೇಕು, ಅಂದ್ರನ ಬಾಗಿಲು ತೆರೀತೈತಿ. ಅಪ್ಪಂದು ಅಂಗಿ ಕಿಸೆದಾಗ ಇಲ್ಲ, ಒಳಕಿಸೆದಾಗ ಇಲ್ಲ, ಕಡೀಗೆ ಎಲಿ ಅಡಿಕಿ ಸಂಚಿದಾಗ ಸಿಕ್ತು, ಸುಣ್ಣ ಮೆತ್ಕೊಂಡು. ಗಾರ್ಡ್ ನಕ್ಕೊಂತ ತನ್ನ ಕರ್ಚೀಫಿಂದ ಒರೆಸಿ ತಾನೇ ಹಾಕಿದ.